ಬೀಜ ಹೊತ್ತು ದ್ವೀಪಗಳಿಗೆ ಹೋದ ಕ್ಲಾರಾ ಬಾರ್ಟನ್



ಸೆಪ್ಟೆಂಬರ್ 8 ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಿಗೆ ತೆನೆ ಹಬ್ಬದ ದಿನ. ಮಾತೆ ಮರಿಯಮ್ಮನವರ ಜನನವನ್ನು ಸ್ಮರಿಸಿ ಮಕ್ಕಳು ಹೂ ಅರ್ಪಿಸುತ್ತಾರೆ. ಧರ್ಮಗುರುಗಳು ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ಒಯ್ದು, ಕುಟುಂಬದವರೆಲ್ಲ ಒಟ್ಟಿಗೆ ಕುಳಿತು ಹೊಸ ಅಕ್ಕಿಯ ಊಟ ಮಾಡುತ್ತಾರೆ. 1900ನೇ ಇಸವಿಯ ಅದೇ ಸೆಪ್ಟೆಂಬರ್ 8ರಂದು ಅಮೆರಿಕದ ಟೆಕ್ಸಸ್ ರಾಜ್ಯದ ಗ್ಯಾಲ್ವೆಸ್ಟನ್ ಎಂಬ ದ್ವೀಪನಗರವನ್ನು ಚಂಡಮಾರುತವೊಂದು ನುಂಗಿ ಹಾಕಿತು. ಒಂದೇ ರಾತ್ರಿಯಲ್ಲಿ ಸುಮಾರು 8 ಸಾವಿರ ಜನ ಸತ್ತರೆಂದು ಸಾಮಾನ್ಯವಾಗಿ ಅಂದಾಜು ಮಾಡಲಾಗಿದೆ. ಆ ನಾಡಿನ ಚರಿತ್ರೆಯಲ್ಲಿ ಅಷ್ಟು ಪ್ರಾಣಗಳನ್ನು ಬಲಿ ತೆಗೆದುಕೊಂಡ ಮತ್ತೊಂದು ಪ್ರಕೃತಿ ವಿಕೋಪ ಇಲ್ಲ.

ಈ ಸುದ್ದಿ ತಿಳಿದಾಗ ದೂರದ ವಾಷಿಂಗ್ಟನ್ ಬಳಿ ವಾಸವಾಗಿದ್ದ 78 ವರ್ಷದ ವೃದ್ಧೆಯೊಬ್ಬರು ತಮ್ಮ ಪೆಟ್ಟಿಗೆ ಕಟ್ಟಿ ರೈಲು ಹತ್ತಿದರು. ಅವರೇ ಕ್ಲಾರಾ ಬಾರ್ಟನ್. ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಯನ್ನು ಸ್ಥಾಪಿಸಿದವರೆಂದು ಶಾಲಾ ಪುಸ್ತಕಗಳಲ್ಲಿ ಅವರ ಹೆಸರನ್ನು ಓದಿದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಚಂಡಮಾರುತಕ್ಕೆ ಸಿಕ್ಕಿದ ದ್ವೀಪವಾಸಿಗಳ ನಡುವೆ ಅವರು ಮಾಡಿದ ಕೆಲಸ ಹೆಚ್ಚಿನವರಿಗೆ ತಿಳಿಯದು. ನೆರೆ, ಚಂಡಮಾರುತ, ಕಡಲ್ಕೊರೆತಗಳ ಸಮಯದಲ್ಲಿ ನೆರವು ಸಂಗ್ರಹಿಸಿ ಕಳುಹಿಸುವ ನಮ್ಮ ಧರ್ಮಕೇಂದ್ರಗಳಿಗೂ ಸಂಘಟನೆಗಳಿಗೂ ಅವರ ಬದುಕಿನಿಂದ ಕಲಿಯಲು ಬೇಕಾದಷ್ಟಿದೆ. ಆದ್ದರಿಂದ ಅವರ ಜೀವನವನ್ನು ಇಲ್ಲಿ ಸಂಕ್ಷಿಪ್ತವಾಗಿ ನಿಮ್ಮ ಮುಂದಿಡುತ್ತಿದ್ದೇವೆ.

ನಾಚಿಕೆಯ ಹುಡುಗಿ, ಧೈರ್ಯದ ಶಿಕ್ಷಕಿ

ಕ್ಲಾರಾ ಹುಟ್ಟಿದ್ದು 1821ರ ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನ, ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತ್ ಆಕ್ಸ್‌ಫರ್ಡ್ ಎಂಬ ಹಳ್ಳಿಯಲ್ಲಿ. ಐವರು ಮಕ್ಕಳಲ್ಲಿ ಅವರೇ ಕೊನೆಯವರು. ತಂದೆ ಸ್ಟೀಫನ್ ಬಾರ್ಟನ್ ಹಿಂದೆ ಸೈನಿಕರಾಗಿದ್ದವರು. ಯುದ್ಧದ ಕತೆಗಳನ್ನು ಮಗಳಿಗೆ ಹೇಳುತ್ತಿದ್ದರು. ಮಗಳೋ ಅಪರಿಚಿತರ ಮುಂದೆ ಬಾಯಿ ತೆರೆಯದಷ್ಟು ನಾಚಿಕೆಯ ಸ್ವಭಾವದವಳು. ಕ್ಲಾರಾಗೆ 11 ವರ್ಷವಾದಾಗ ಅಣ್ಣ ಡೇವಿಡ್ ಕೊಟ್ಟಿಗೆಯ ಮಾಡಿನಿಂದ ಬಿದ್ದು ಹಾಸಿಗೆ ಹಿಡಿದರು. ಸುಮಾರು ಎರಡು ವರ್ಷ ಆ ಪುಟ್ಟ ತಂಗಿ ಅಣ್ಣನ ಹಾಸಿಗೆಯ ಬಳಿಯಲ್ಲೇ ಇದ್ದು ಔಷಧ ಕೊಟ್ಟು ಆರೈಕೆ ಮಾಡಿದಳು. ತನಗಿಂತ ಹೆಚ್ಚು ಕಷ್ಟದಲ್ಲಿರುವವರ ಮುಂದೆ ತನ್ನ ನಾಚಿಕೆ ಮರೆತು ಹೋಗುತ್ತದೆಂಬುದನ್ನು ಅವರು ಅಂದೇ ಕಂಡುಕೊಂಡಿರಬೇಕು.

17ನೇ ವಯಸ್ಸಿನಲ್ಲಿ ಅವರು ಶಾಲಾ ಶಿಕ್ಷಕಿಯಾದರು. 1852ರಲ್ಲಿ ನ್ಯೂಜೆರ್ಸಿಯ ಬಾರ್ಡನ್‌ಟೌನ್ ಎಂಬಲ್ಲಿ ಬಡ ಮಕ್ಕಳು ಶುಲ್ಕ ಕಟ್ಟಲಾಗದೆ ಬೀದಿಯಲ್ಲಿ ಅಲೆಯುತ್ತಿರುವುದನ್ನು ಕಂಡು ಅಲ್ಲಿ ಉಚಿತ ಶಾಲೆಯನ್ನು ಆರಂಭಿಸಿದರು. ಆರು ಮಕ್ಕಳಿಂದ ಶುರುವಾದ ಶಾಲೆ ಬೇಗನೆ ನೂರಾರು ಮಕ್ಕಳ ಶಾಲೆಯಾಗಿ ಬೆಳೆಯಿತು. ಹೊಸ ಕಟ್ಟಡವೂ ಬಂತು. ಆಗ ಊರಿನ ಹಿರಿಯರು ಅದರ ಮುಖ್ಯಸ್ಥನ ಸ್ಥಾನಕ್ಕೆ ಕ್ಲಾರಾಗಿಂತ ಎರಡು ಪಟ್ಟಿಗೂ ಹೆಚ್ಚು ಸಂಬಳ ಕೊಟ್ಟು ಒಬ್ಬ ಗಂಡಸನ್ನು ನೇಮಿಸಿದರು. ಶಾಲೆಯನ್ನು ಕಟ್ಟಿದವರಿಗೆ ಎರಡನೆಯ ಸ್ಥಾನ ಸಿಕ್ಕಿತು. ಕ್ಲಾರಾ ರಾಜೀನಾಮೆ ಕೊಟ್ಟು ವಾಷಿಂಗ್ಟನ್‌ಗೆ ಹೋದರು. ಅಲ್ಲಿ ಸರ್ಕಾರದ ಪೇಟೆಂಟ್ ಕಛೇರಿಯಲ್ಲಿ ಗುಮಾಸ್ತೆಯಾಗಿ ಸೇರಿ, ಗಂಡಸರಿಗೆ ಸಮನಾದ ಸಂಬಳ ಪಡೆದ ಮೊದಲ ಕೆಲವು ಮಹಿಳೆಯರಲ್ಲಿ ಒಬ್ಬರಾದರು.

ರಣರಂಗಕ್ಕೆ ಹೋದ ಬಂಡಿಗಳು

1861ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ಬಾಲ್ಟಿಮೋರ್ ನಗರದ ಗಲಭೆಯಲ್ಲಿ ಗಾಯಗೊಂಡ ಮ್ಯಾಸಚೂಸೆಟ್ಸ್‌ನ ಸೈನಿಕರು ರೈಲಿನಲ್ಲಿ ವಾಷಿಂಗ್ಟನ್‌ಗೆ ಬಂದಾಗ ಅವರಿಗೆ ಉಳಿದುಕೊಳ್ಳಲು ಸರಿಯಾದ ಜಾಗವಿರಲಿಲ್ಲ. ಸೆನೆಟ್ ಸಭಾಂಗಣದಲ್ಲೇ ಅವರನ್ನು ಇರಿಸಲಾಯಿತು. ಅವರಲ್ಲಿ ಕೆಲವರು ಕ್ಲಾರಾ ಪಾಠ ಹೇಳಿಕೊಟ್ಟ ಹುಡುಗರೇ ಆಗಿದ್ದರು. ಅವರು ತಮ್ಮ ಮನೆಯಲ್ಲಿದ್ದ ಬಟ್ಟೆ, ಆಹಾರ, ದಿನಬಳಕೆಯ ವಸ್ತುಗಳನ್ನು ಹೊತ್ತು ಅಲ್ಲಿಗೆ ಹೋದರು. ಅನಂತರ ತವರಿನ ಪತ್ರಿಕೆಯ ಮೂಲಕ ನೆರವು ಕೋರಿದರು. ಮನೆ ತುಂಬುವಷ್ಟು ಸಾಮಾನು ಬಂತು.

ಸಾಮಾನು ಬಂದರೆ ಸಾಲದು, ಅದು ಬೇಕಾದವರ ಕೈ ಸೇರಬೇಕು. ಯುದ್ಧ ನಡೆಯುವಲ್ಲಿ ಸೈನಿಕರು ಬ್ಯಾಂಡೇಜಿಲ್ಲದೆ ಸಾಯುತ್ತಿದ್ದರೆ, ಸಾಮಾನು ರಾಜಧಾನಿಯ ಗೋದಾಮಿನಲ್ಲಿ ಕೊಳೆಯುತ್ತಿತ್ತು. ಹೆಣ್ಣುಮಕ್ಕಳು ರಣರಂಗಕ್ಕೆ ಹೋಗುವುದು ಅಂದಿನ ಸಮಾಜಕ್ಕೆ ಒಪ್ಪಿಗೆಯಾಗದ ಮಾತು. ಕ್ಲಾರಾ ಅಧಿಕಾರಿಗಳ ಬಾಗಿಲು ತಟ್ಟುತ್ತಲೇ ಹೋದರು. 1862ರ ಆಗಸ್ಟ್‌ನಲ್ಲಿ ಅನುಮತಿ ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರ್ 17ರ ಆಂಟಿಯೆಟಮ್ ಕದನದಲ್ಲಿ ಅವರ ಬಂಡಿಗಳು ಅಲ್ಲಿಗೆ ತಲುಪಿದಾಗ ಶಸ್ತ್ರವೈದ್ಯರು ಬಟ್ಟೆಯಿಲ್ಲದೆ ಜೋಳದ ತೆನೆಯ ಸಿಪ್ಪೆಯಿಂದ ಗಾಯ ಕಟ್ಟುತ್ತಿದ್ದರು. ಅವರು ಗಾಯಾಳು ಒಬ್ಬನಿಗೆ ನೀರು ಕುಡಿಸುತ್ತಿದ್ದಾಗ ಗುಂಡೊಂದು ಅವರ ತೋಳಿನ ಬಟ್ಟೆಯನ್ನು ಸೀಳಿ ಆ ಸೈನಿಕನನ್ನು ಕೊಂದಿತು. ಸೈನ್ಯದ ವೈದ್ಯರೊಬ್ಬರು ಕೊಟ್ಟ ರಣರಂಗದ ದೇವದೂತೆ ಎಂಬ ಹೆಸರು ಅವರಿಗೆ ಶಾಶ್ವತವಾಗಿ ಉಳಿಯಿತು.

ಯುದ್ಧ ಮುಗಿದ ಮೇಲೂ ಅವರು ವಿಶ್ರಮಿಸಲಿಲ್ಲ. ಮನೆಗೆ ಮರಳದ ಸೈನಿಕರ ತಾಯಂದಿರೂ ಹೆಂಡಂದಿರೂ ಬರೆದ 63 ಸಾವಿರಕ್ಕೂ ಹೆಚ್ಚು ಪತ್ರಗಳು ಅವರ ಕಛೇರಿಗೆ ಬಂದವು. 22 ಸಾವಿರಕ್ಕೂ ಹೆಚ್ಚು ಸೈನಿಕರಿಗೆ ಏನಾಯಿತೆಂಬುದನ್ನು ಅವರು ಪತ್ತೆ ಹಚ್ಚಿ ಕುಟುಂಬಗಳಿಗೆ ತಿಳಿಸಿದರು. ಕಡಲಿಗೆ ಹೋಗಿ ಹಿಂದಿರುಗದವರಿಗಾಗಿ ಕಾದ ಮನೆಗಳು ನಮ್ಮ ಕರಾವಳಿಯಲ್ಲೂ ಇವೆ. ಇಂಥ ಒಂದು ಪತ್ರದ ಬೆಲೆ ಏನೆಂದು ಅವರಿಗೆ ನಾವು ವಿವರಿಸಬೇಕಾಗಿಲ್ಲ.

ರೆಡ್ ಕ್ರಾಸ್‌ಗೆ ಹೊಸ ಕೆಲಸ

ದಣಿದ ದೇಹಕ್ಕೆ ವಿಶ್ರಾಂತಿ ಬೇಕೆಂದು ವೈದ್ಯರು ಹೇಳಿದ್ದರಿಂದ ಕ್ಲಾರಾ 1869ರಲ್ಲಿ ಯುರೋಪಿಗೆ ಹೋದರು. ಜಿನೀವಾದಲ್ಲಿ ಅವರಿಗೆ ರೆಡ್ ಕ್ರಾಸ್ ಸಂಸ್ಥೆಯ ಪರಿಚಯವಾಯಿತು. ಮರುವರ್ಷವೇ ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವೆ ಯುದ್ಧ ಹತ್ತಿಕೊಂಡಿತು. ಮುತ್ತಿಗೆಯಿಂದ ನುಚ್ಚುನೂರಾಗಿದ್ದ ಸ್ಟ್ರಾಸ್‌ಬರ್ಗ್ ನಗರಕ್ಕೆ ಹೋದ ಕ್ಲಾರಾ ಅಲ್ಲಿ ಕಂಡದ್ದು ಮನೆಯಿಲ್ಲದ, ಕೆಲಸವಿಲ್ಲದ ಹೆಂಗಸರನ್ನು. ಸಿದ್ಧ ಉಡುಪುಗಳನ್ನು ತರಿಸಿ ಹಂಚುವುದು ಸುಲಭವಿತ್ತು. ಅವರು ಹಾಗೆ ಮಾಡದೆ ಬಟ್ಟೆ ತರಿಸಿ, ಹೊಲಿಗೆಯ ಕೋಣೆಗಳನ್ನು ತೆರೆದು, ಆ ಹೆಂಗಸರಿಂದಲೇ ಉಡುಪುಗಳನ್ನು ಹೊಲಿಸಿ ಕೂಲಿ ಕೊಟ್ಟರು. ಊರಿಗೆ ಬಟ್ಟೆಯೂ ಆಯಿತು, ಮನೆಗೆ ಸಂಪಾದನೆಯೂ ಆಯಿತು. ಅವರ ಮುಂದಿನ ಎಲ್ಲ ಸೇವೆಗೆ ಇದೇ ಮಾದರಿ.

ಸ್ವದೇಶಕ್ಕೆ ಮರಳಿದ ಮೇಲೆ ಅವರು 1881ರ ಮೇ 21ರಂದು ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಯನ್ನು ಸ್ಥಾಪಿಸಿದರು. ಮರುವರ್ಷ ಅಮೆರಿಕ ಸರ್ಕಾರ ಜಿನೀವಾ ಒಪ್ಪಂದವನ್ನು ಒಪ್ಪಿಕೊಂಡಿತು. ಅಲ್ಲಿಯವರೆಗೆ ರೆಡ್ ಕ್ರಾಸ್ ಎಂದರೆ ಯುದ್ಧದ ಗಾಯಾಳುಗಳ ಸೇವೆ ಎಂದಷ್ಟೇ ತಿಳಿಯಲಾಗಿತ್ತು. ನೆರೆ, ಬೆಂಕಿ, ಬರ, ಚಂಡಮಾರುತಗಳಿಗೆ ಸಿಕ್ಕಿದವರ ಸೇವೆಯೂ ಅದರ ಕೆಲಸವಾಗಬೇಕೆಂದು ಕ್ಲಾರಾ ವಾದಿಸಿದರು. 1884ರಲ್ಲಿ ಜಿನೀವಾದಲ್ಲಿ ನಡೆದ ಸಮ್ಮೇಳನ ಈ ವಿಚಾರವನ್ನು ಅಂಗೀಕರಿಸಿತು. ಇಂದು ನಮ್ಮ ದೇಶದಲ್ಲಿ ನೆರೆ ಬಂದಾಗ ಭಾರತೀಯ ರೆಡ್ ಕ್ರಾಸ್‌ನ ಸ್ವಯಂಸೇವಕರು ಓಡಿ ಬರುವುದರ ಹಿಂದೆ ಈ ತೀರ್ಮಾನವಿದೆ.

ಅದೇ 1884ರಲ್ಲಿ ಒಹಾಯೊ ಮತ್ತು ಮಿಸ್ಸಿಸಿಪ್ಪಿ ನದಿಗಳಿಗೆ ನೆರೆ ಬಂದಾಗ ಕ್ಲಾರಾ ಉಗಿದೋಣಿಯಲ್ಲಿ ಆಹಾರ, ಬಟ್ಟೆ, ಮರ, ಬೀಜಗಳನ್ನು ತುಂಬಿಕೊಂಡು ದಡದಿಂದ ದಡಕ್ಕೆ ಸಂಚರಿಸಿದರು. ಪೆನ್ಸಿಲ್ವೇನಿಯಾದ ವಾಟರ್‌ಫರ್ಡ್ ಎಂಬ ಊರಿನ ಆರು ಮಕ್ಕಳು ನಾಟಕವಾಡಿ ಸಂಗ್ರಹಿಸಿದ ಐವತ್ತು ಚಿಲ್ಲರೆ ಡಾಲರ್‌ಗಳನ್ನು ನೆರೆಗೆ ಸಿಕ್ಕಿದವರಿಗೆಂದು ಕಳುಹಿಸಿದ್ದರು. ಆ ಹಣವನ್ನು ದೊಡ್ಡ ನಿಧಿಯಲ್ಲಿ ಬೆರೆಸಿಬಿಡಲು ಕ್ಲಾರಾಗೆ ಮನಸ್ಸಾಗಲಿಲ್ಲ. ಸರಿಯಾದ ಮನೆ ಸಿಗುವ ತನಕ ಅದನ್ನು ಕಾದಿಟ್ಟು, ನದಿದಡದಲ್ಲಿ ಎಲ್ಲವನ್ನೂ ಕಳೆದುಕೊಂಡಿದ್ದ ಒಬ್ಬ ವಿಧವೆ ಮತ್ತು ಅವಳ ಮಕ್ಕಳ ಬದುಕು ಕಟ್ಟಲು ಕೊಟ್ಟರು. ಕೊಟ್ಟವರು ಯಾರು, ಪಡೆದವರು ಯಾರು ಎಂಬುದು ಎರಡೂ ಕಡೆಯವರಿಗೆ ತಿಳಿಯುವಂತೆ ಮಾಡಿದರು. ನಮ್ಮ ಧರ್ಮೋಪದೇಶ ತರಗತಿಗಳ ಮಕ್ಕಳು ತಪಸ್ಸುಕಾಲದಲ್ಲಿ ಕೂಡಿಟ್ಟ ನಾಣ್ಯಗಳಿಗೂ ಇಷ್ಟು ಗೌರವ ಸಲ್ಲಬೇಕು.

ಸೀ ಐಲೆಂಡ್ಸ್‌ನಲ್ಲಿ ಹತ್ತು ತಿಂಗಳು

1893ರ ಆಗಸ್ಟ್ 27, ಭಾನುವಾರ. ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾ ರಾಜ್ಯಗಳ ಕಡಲಂಚಿನಲ್ಲಿರುವ ಸೀ ಐಲೆಂಡ್ಸ್ ಎಂಬ ತಗ್ಗಿನ ದ್ವೀಪಗಳ ಮೇಲೆ ಆ ರಾತ್ರಿ ಚಂಡಮಾರುತ ಎರಗಿತು. ಸಮುದ್ರವೇ ದ್ವೀಪಗಳ ಮೇಲೆ ಹರಿಯಿತು. ಸಾವಿರದಿಂದ ಎರಡು ಸಾವಿರ ಮಂದಿ ಸತ್ತರೆಂದು ಅಂದಾಜು. ಸುಮಾರು 30 ಸಾವಿರ ಜನ ಮನೆ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು. ಅಂತರ್ಯುದ್ಧದ ತನಕ ಹತ್ತಿ ಮತ್ತು ಭತ್ತದ ತೋಟಗಳಲ್ಲಿ ಗುಲಾಮರಾಗಿದ್ದವರು, ಅವರ ಮಕ್ಕಳು. ಬಿಡುಗಡೆಯಾದ ಮೇಲೆ ತುಂಡು ಭೂಮಿ ಕೊಂಡು ಗೆಣಸು, ಜೋಳ ಬೆಳೆದುಕೊಂಡು ಬದುಕುತ್ತಿದ್ದವರು. ಗದ್ದೆಗೆ ಉಪ್ಪುನೀರು ನುಗ್ಗಿ ಬೆಳೆ ಸತ್ತಿತು. ಬಾವಿಗಳ ನೀರು ಉಪ್ಪಾಯಿತು. ದೋಣಿಗಳು ಒಡೆದವು. ಹೊಳೆಗದ್ದೆಗೆ ಉಪ್ಪುನೀರು ನುಗ್ಗಿದರೆ ಏನಾಗುತ್ತದೆಂದು ನಮ್ಮ ಕರಾವಳಿಯ ರೈತರಿಗೆ ಚೆನ್ನಾಗಿ ಗೊತ್ತು.

ಈ ದ್ವೀಪಗಳು ಕ್ಲಾರಾಗೆ ಹೊಸತಲ್ಲ. 30 ವರ್ಷಗಳ ಹಿಂದೆ, 1863ರಲ್ಲಿ, ಯುದ್ಧದ ಗಾಯಾಳುಗಳ ಸೇವೆಗೆಂದು ಅವರು ಅದೇ ತೀರದಲ್ಲಿ ತಿಂಗಳುಗಟ್ಟಲೆ ಇದ್ದರು. ರಾಜ್ಯದ ಗವರ್ನರರ ಕೋರಿಕೆಯ ಮೇರೆಗೆ ಅಲ್ಲಿಗೆ ಹೋಗಿ, ಅಕ್ಟೋಬರ್ 1ರಿಂದ ಅವರು ಪರಿಹಾರದ ಹೊಣೆಯನ್ನು ವಹಿಸಿಕೊಂಡರು. ಆಗ ಅವರಿಗೆ 71 ವರ್ಷ. ಆ ವರ್ಷ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ ಹಣದ ಮುಗ್ಗಟ್ಟು ಕಾಡುತ್ತಿತ್ತು. ದೇಶದ ಸಂಸತ್ತು ಹಣ ಮಂಜೂರು ಮಾಡಲಿಲ್ಲ. ದಾನಿಗಳಿಂದ ಬಂದದ್ದು ಒಟ್ಟು ಸುಮಾರು 30 ಸಾವಿರ ಡಾಲರ್. ಅಂದರೆ ತಲೆಗೆ ಒಂದು ಡಾಲರ್. ಅದರಲ್ಲಿ ಮುಂದಿನ ಬೆಳೆ ಬರುವ ತನಕ ಅಷ್ಟು ಜನರನ್ನು ಬದುಕಿಸಬೇಕಿತ್ತು.

ಕ್ಲಾರಾ ಬ್ಯೂಫರ್ಟ್ ಪಟ್ಟಣದಲ್ಲಿ ಗೋದಾಮು ತೆರೆದರು. ಅವರ ಸಹಾಯಕ ಡಾಕ್ಟರ್ ಜೂಲಿಯನ್ ಹಬಲ್ ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಿ ಎಲ್ಲಿ ಏನು ಬೇಕೆಂದು ತಿಳಿದು ಬರುತ್ತಿದ್ದರು. ಏಳು ಮಂದಿಯ ಕುಟುಂಬಕ್ಕೆ ವಾರಕ್ಕೆ ಸುಮಾರು 9 ಲೀಟರ್ ಅಳತೆಯ ಜೋಳದ ನುಚ್ಚು ಮತ್ತು ಅರ್ಧ ಕಿಲೋಗಿಂತ ಕಡಿಮೆ ಹಂದಿಮಾಂಸ. ಇಷ್ಟೇ ಪಡಿತರ. ಹೊಟ್ಟೆ ತುಂಬುವಷ್ಟಲ್ಲ, ಜೀವ ಉಳಿಯುವಷ್ಟು. ಉಳಿದದ್ದನ್ನು ಮೀನು, ಏಡಿ, ಚಿಪ್ಪುಗಳಿಂದ ಜನರೇ ಹೊಂದಿಸಿಕೊಳ್ಳಬೇಕಿತ್ತು. ಊರಿನ ಕೆಲಸಕ್ಕೆ ಬಂದವರಿಗೆ ಮಾತ್ರ ಪಡಿತರ ಎರಡು ಪಟ್ಟು.

ಆ ಕೆಲಸವಾದರೂ ಏನು? ಉಪ್ಪುನೀರು ಬಸಿದು ಹೋಗುವಂತೆ ಗದ್ದೆಗಳಲ್ಲಿ ಕಾಲುವೆ ತೋಡುವುದು. ಗಂಡಸರು ಸೇರಿ ನೂರಾರು ಮೈಲಿ ಉದ್ದದ ಕಾಲುವೆಗಳನ್ನು ತೋಡಿದರು. ಬಿದ್ದ ಮನೆಗಳನ್ನು ಎತ್ತಿ ನಿಲ್ಲಿಸಿದರು. ಉತ್ತರದ ಊರುಗಳಿಂದ ಪೆಟ್ಟಿಗೆಗಟ್ಟಲೆ ಹಳೆಯ ಬಟ್ಟೆ ಬಂದಾಗ ಅದನ್ನು ರಾಶಿ ಹಾಕಿ ಆರಿಸಿಕೊಳ್ಳಲು ಬಿಡಲಿಲ್ಲ. ದ್ವೀಪದ ಹೆಂಗಸರ ಹೊಲಿಗೆ ಕೂಟಗಳನ್ನು ಕಟ್ಟಿ, ಹರಿದದ್ದನ್ನು ಹೊಲಿದು, ಅಳತೆಗೆ ತಕ್ಕಂತೆ ತಿದ್ದಿ, ಯಾವ ಮನೆಗೆ ಏನು ಬೇಕೆಂದು ಅವರೇ ನೋಡಿ ಕೊಡುವಂತೆ ಮಾಡಿದರು. ಚಳಿಗಾಲ ಕಳೆಯುತ್ತಿದ್ದಂತೆ ಬಿತ್ತನೆಯ ಆಲೂಗಡ್ಡೆ, ಜೋಳ ಮತ್ತು ತರಕಾರಿಗಳ ಬೀಜಗಳನ್ನು ಹಂಚಿದರು. 1894ರ ಜುಲೈಯಲ್ಲಿ ಕ್ಲಾರಾ ಅಲ್ಲಿಂದ ಹೊರಟಾಗ ಹೊಲಗಳಲ್ಲಿ ಬೆಳೆ ನಿಂತಿತ್ತು. ದಾನದ ಕೈಗಳನ್ನು ಕಾಯುವ ಅಗತ್ಯ ಆ ಜನರಿಗೆ ಇರಲಿಲ್ಲ.

ನಿನ್ನೆ ಮೊನ್ನೆಯವರೆಗೆ ಗುಲಾಮರಾಗಿದ್ದವರು ಬಿಟ್ಟಿ ಅನ್ನ ಸಿಕ್ಕಿದರೆ ಕೆಲಸ ಮಾಡಲಾರರೆಂಬ ಹೀನ ಮಾತು ಆಗ ಎಲ್ಲೆಡೆ ಇತ್ತು. ಆ ಮಾತಿಗೆ ಕ್ಲಾರಾ ಭಾಷಣದಿಂದ ಉತ್ತರ ಕೊಡಲಿಲ್ಲ. ಬಡವರ ಕುರಿತು ಇಂಥ ಮಾತು ನಮ್ಮ ಸಭೆಗಳಲ್ಲೂ ಕೇಳಿ ಬರುವುದುಂಟು. ಆಗ ಸೀ ಐಲೆಂಡ್ಸ್‌ನ ಆ ಕಾಲುವೆಗಳನ್ನು ನಾವು ನೆನಪಿಸಿಕೊಳ್ಳುವುದು ಒಳ್ಳೆಯದು.

ಕ್ಯೂಬಾಕ್ಕೆ ಹಡಗು

1898ರಲ್ಲಿ ಮತ್ತೊಂದು ದ್ವೀಪದ ಕರೆ ಬಂತು. ಸ್ಪೇನಿನ ಆಡಳಿತದಲ್ಲಿದ್ದ ಕ್ಯೂಬಾದಲ್ಲಿ ದಂಗೆಯನ್ನು ಅಡಗಿಸಲು ಹಳ್ಳಿಗರನ್ನು ಬಲವಂತವಾಗಿ ಶಿಬಿರಗಳಲ್ಲಿ ಕೂಡಿ ಹಾಕಿದ್ದರಿಂದ ಹಸಿವು ಮತ್ತು ರೋಗಗಳಿಗೆ ಜನ ಸಾಲುಸಾಲಾಗಿ ಸಾಯುತ್ತಿದ್ದರು. 76 ವರ್ಷದ ಕ್ಲಾರಾ ಅಲ್ಲಿಗೆ ಹೋದರು. ಅಮೆರಿಕ ಮತ್ತು ಸ್ಪೇನಿನ ನಡುವೆ ಯುದ್ಧ ಆರಂಭವಾದ ಮೇಲೆ, ಸ್ಟೇಟ್ ಆಫ್ ಟೆಕ್ಸಸ್ ಎಂಬ ಹಡಗಿನಲ್ಲಿ 1,400 ಟನ್ ಆಹಾರ ಮತ್ತು ಔಷಧಗಳನ್ನು ತುಂಬಿಕೊಂಡು ಮತ್ತೆ ಹೊರಟರು. ಸರಕುಬಂಡಿಯಲ್ಲಿ ಕುಳಿತು ಕೆಸರಿನ ದಾರಿಯಲ್ಲಿ ಗಾಯಾಳುಗಳ ಡೇರೆಗಳಿಗೆ ಹೋಗಿ ಗಂಜಿ ಕಾಯಿಸಿದರು. ಜುಲೈ 17ರಂದು ಸ್ಯಾಂಟಿಯಾಗೊ ನಗರ ಶರಣಾದಾಗ ಅದರ ಬಂದರನ್ನು ಮೊದಲು ಪ್ರವೇಶಿಸಿದ್ದು ಯುದ್ಧನೌಕೆಯಲ್ಲ, ಅನ್ನ ಹೊತ್ತ ಈ ಹಡಗು.

ಗ್ಯಾಲ್ವೆಸ್ಟನ್: ಸಮುದ್ರತಾರೆಯ ನಗರ

ಹೀಗೆ ದಶಕಗಳ ಅನುಭವವನ್ನು ಹೊತ್ತು ಕ್ಲಾರಾ 1900ರ ಸೆಪ್ಟೆಂಬರ್ ಮಧ್ಯಭಾಗದಲ್ಲಿ ಗ್ಯಾಲ್ವೆಸ್ಟನ್ ತಲುಪಿದರು. ಸುಮಾರು 38 ಸಾವಿರ ಜನರಿದ್ದ ಆ ನಗರ ಮೆಕ್ಸಿಕೊ ಕೊಲ್ಲಿಯ ಮರಳು ದ್ವೀಪದ ಮೇಲಿತ್ತು. ಅದರ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ 9 ಅಡಿಗಿಂತ ಕಡಿಮೆ. ಬಂದ ನೀರಿನ ಎತ್ತರ ಸುಮಾರು 15 ಅಡಿ. 3,600ಕ್ಕೂ ಹೆಚ್ಚು ಮನೆಗಳು ಕೊಚ್ಚಿ ಹೋದವು. ಒಳನಾಡಿಗೆ ಇದ್ದ ಸೇತುವೆಗಳೆಲ್ಲ ಮುರಿದು ಬಿದ್ದವು.

ನಗರದ ಪಶ್ಚಿಮಕ್ಕೆ ಕಡಲತೀರದಲ್ಲೇ ಕಥೋಲಿಕ ಧರ್ಮಭಗಿನಿಯರು ನಡೆಸುತ್ತಿದ್ದ ಸಂತ ಮರಿಯಮ್ಮನವರ ಅನಾಥಾಲಯವಿತ್ತು. 1866ರಲ್ಲಿ ಫ್ರಾನ್ಸಿನ ಲಿಯೋನ್‌ನಿಂದ ಬಂದ ಭಗಿನಿಯರು ಕಟ್ಟಿದ ಸಭೆ ಅದು. ಅಂದು ಅಲ್ಲಿ 10 ಭಗಿನಿಯರೂ 93 ಮಕ್ಕಳೂ ಇದ್ದರು. ನೀರು ಏರುತ್ತಿದ್ದಂತೆ ಭಗಿನಿಯರು ಮಕ್ಕಳನ್ನು ಗಟ್ಟಿಯಾದ ಕಟ್ಟಡಕ್ಕೆ ಸೇರಿಸಿ, ಮೀನುಗಾರರು ಮರಿಯಮ್ಮನವರಿಗೆ ಮೊರೆಯಿಡುವ ಫ್ರೆಂಚ್ ಸ್ತುತಿಗೀತೆಯೊಂದನ್ನು ಹಾಡಿಸಿದರು. ಬಟ್ಟೆ ಒಣಗಿಸುವ ಹಗ್ಗವನ್ನು ತುಂಡರಿಸಿ ಮಕ್ಕಳನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ಕಟ್ಟಡ ಕುಸಿಯಿತು. ಬದುಕಿ ಉಳಿದದ್ದು ಮೂವರು ಹುಡುಗರು ಮಾತ್ರ. ಭಗಿನಿಯರ ಶವಗಳು ಸಿಕ್ಕಾಗ ಮಕ್ಕಳು ಇನ್ನೂ ಅವರ ಸೊಂಟದ ಹಗ್ಗದಲ್ಲೇ ಇದ್ದರು. ಆ ಸಭೆಯ ಭಗಿನಿಯರು ಪ್ರತಿ ಸೆಪ್ಟೆಂಬರ್ 8ರಂದು ಅದೇ ಗೀತೆಯನ್ನು ಹಾಡಿ ಅವರನ್ನು ಸ್ಮರಿಸುತ್ತಾ ಬಂದಿದ್ದಾರೆ.

ನಗರದ ಸಂತ ಮರಿಯಮ್ಮನವರ ಪ್ರಧಾನಾಲಯ ಬಿರುಗಾಳಿಗೆ ಬೀಳದೆ ನಿಂತಿತು. ಅದರ ಗೋಪುರದ ಮೇಲೆ ಸಮುದ್ರತಾರೆ ಮರಿಯಮ್ಮನವರ ಪ್ರತಿಮೆಯೂ ಉಳಿಯಿತು. ಆ ದೇವಾಲಯದ ಗುರುಗಳಾದ ಫಾದರ್ ಜೇಮ್ಸ್ ಕರ್ವಿನ್ ಅವರೂ ಯೆಹೂದ್ಯರ ಧರ್ಮಗುರು ಹೆನ್ರಿ ಕೊಹೆನ್ ಅವರೂ ಒಂದೇ ಪರಿಹಾರ ಸಮಿತಿಯಲ್ಲಿ ಕುಳಿತು ಹಗಲಿರುಳು ದುಡಿದರು. ಹೊರಗಿನಿಂದ ಬಂದ ಕ್ಲಾರಾ ಬಾರ್ಟನ್ ಕಥೋಲಿಕರಲ್ಲ. ಅವರು ಯೂನಿವರ್ಸಲಿಸ್ಟ್ ಪಂಗಡದ ಕುಟುಂಬದಲ್ಲಿ ಬೆಳೆದವರು. ಹೆಣಗಳ ಲೆಕ್ಕ ಇನ್ನೂ ಮುಗಿಯದ ಆ ಊರಿನಲ್ಲಿ ಯಾರು ಯಾವ ದೇವಾಲಯಕ್ಕೆ ಸೇರಿದವರೆಂಬುದು ಕೆಲಸಕ್ಕೆ ಅಡ್ಡ ಬರಲಿಲ್ಲ.

ಕ್ಲಾರಾ ನಾಲ್ಕು ಅಂತಸ್ತಿನ ಗೋದಾಮೊಂದರಲ್ಲಿ ಸಾಮಾನು ಸಂಗ್ರಹಿಸಿ ಹಂಚುವ ವ್ಯವಸ್ಥೆ ಮಾಡಿದರು. ತಂದೆತಾಯಿ ಇಲ್ಲವಾದ ಮಕ್ಕಳಿಗೆ ಆಶ್ರಯ ಕಲ್ಪಿಸಿದರು. ದುರಂತದ ಛಾಯಾಚಿತ್ರಗಳನ್ನು ಮಾರಿ ಹಣ ಎತ್ತಿದರು. ಬಂದ ಜನರಿಗೆ ಡೇರೆ ಸಾಲದು, ಮನೆ ಬೇಕೆಂದು ಮರಮಟ್ಟುಗಳಿಗಾಗಿ ದೇಶಕ್ಕೆಲ್ಲ ಮನವಿ ಮಾಡಿದರು. ಅಲ್ಲಿದ್ದಾಗಲೇ ಅವರ ಆರೋಗ್ಯ ಕೈಕೊಟ್ಟಿತು. ಆದರೂ ಸುಮಾರು ಎರಡು ತಿಂಗಳು ಜಾಗ ಬಿಟ್ಟು ಕದಲಲಿಲ್ಲ.

ಗ್ಯಾಲ್ವೆಸ್ಟನ್ ನಗರದ ಸುದ್ದಿಯಲ್ಲಿ ಜಗತ್ತು ಮರೆತದ್ದು ಎದುರಿನ ಒಳನಾಡಿನ ರೈತರನ್ನು. ಅವರು ಸ್ಟ್ರಾಬೆರಿ ಹಣ್ಣು ಬೆಳೆದು ಪೇಟೆಗೆ ಕಳುಹಿಸಿ ಬದುಕುತ್ತಿದ್ದವರು. ಉಪ್ಪುನೀರಿಗೆ ಗಿಡಗಳೆಲ್ಲ ಸತ್ತಿದ್ದವು. ನೆಡುವ ಕಾಲ ಮೀರಿದರೆ ಇನ್ನೊಂದು ವರ್ಷ ಆದಾಯವಿಲ್ಲ. ಇದನ್ನು ವಿಚಾರಿಸಿ ತಿಳಿದ ಕ್ಲಾರಾ ಅವರಿಗೆ 15 ಲಕ್ಷ ಸ್ಟ್ರಾಬೆರಿ ಸಸಿಗಳನ್ನು ತರಿಸಿ ಕೊಟ್ಟರು. ಚಂಡಮಾರುತದ ಸುದ್ದಿ ಕೇಳಿದಾಗ ಸ್ಟ್ರಾಬೆರಿ ಸಸಿ ಕಳುಹಿಸೋಣವೆಂದು ದೂರದಲ್ಲಿ ಕುಳಿತ ಯಾವ ದಾನಿಗೂ ಹೊಳೆಯದು. ಗದ್ದೆಯ ಅಂಚಿನಲ್ಲಿ ನಿಂತು ಕೇಳಿದವರಿಗೆ ಮಾತ್ರ ಅದು ತಿಳಿಯುತ್ತದೆ.

ಕೊನೆಯ ವರ್ಷಗಳ ನೋವು

ಇಷ್ಟೆಲ್ಲ ಮಾಡಿದ ಕ್ಲಾರಾ ಅವರ ಮುಪ್ಪು ನೆಮ್ಮದಿಯದಾಗಿರಲಿಲ್ಲ. ರೆಡ್ ಕ್ರಾಸ್ ದೊಡ್ಡದಾಗಿ ಬೆಳೆದಂತೆ ಒಳಗಿನಿಂದಲೇ ವಿರೋಧ ಎದ್ದಿತು. ಅವರು ಸಂಬಳ ಪಡೆಯದೆ, ತಮ್ಮ ಸ್ವಂತ ಹಣವನ್ನೂ ಸುರಿದು ಸಂಸ್ಥೆಯನ್ನು ನಡೆಸಿದವರು. ಆದರೆ ಸ್ವಂತ ಹಣ ಯಾವುದು, ಸಂಸ್ಥೆಯ ಹಣ ಯಾವುದು ಎಂದು ಬೇರೆ ಬೇರೆ ಪುಸ್ತಕಗಳಲ್ಲಿ ಬರೆದಿಡುವ ಶಿಸ್ತು ಅವರಲ್ಲಿ ಸಾಲದಾಗಿತ್ತು. ನಿರ್ಧಾರಗಳನ್ನು ಇತರರೊಂದಿಗೆ ಹಂಚಿಕೊಳ್ಳುವುದೂ ಅವರಿಗೆ ಕಷ್ಟವಾಗಿತ್ತು. ಟೀಕೆ ಬೆಳೆದು ತನಿಖೆಯ ತನಕ ಹೋಯಿತು. ಯಾವ ಆರೋಪವೂ ಸಾಬೀತಾಗದೆ ತನಿಖೆ ಕೊನೆಗೊಂಡಿತಾದರೂ ಮನಸ್ಸು ಮುರಿದಿತ್ತು. 1904ರ ಮೇ ತಿಂಗಳಲ್ಲಿ, 82ನೇ ವಯಸ್ಸಿನಲ್ಲಿ, ತಾವೇ ಹುಟ್ಟುಹಾಕಿದ ಸಂಸ್ಥೆಯಿಂದ ಅವರು ಹೊರಬಂದರು. ಮರುವರ್ಷವೇ ಜನಸಾಮಾನ್ಯರಿಗೆ ಪ್ರಥಮ ಚಿಕಿತ್ಸೆ ಕಲಿಸುವ ಹೊಸ ಸಂಘವೊಂದನ್ನು ಕಟ್ಟಿದರು.

ಅವರು ಕೊನೆಯ ವರ್ಷಗಳನ್ನು ಕಳೆದದ್ದು ಮೇರಿಲ್ಯಾಂಡ್ ರಾಜ್ಯದ ಗ್ಲೆನ್ ಎಕೊ ಎಂಬಲ್ಲಿನ ಮನೆಯಲ್ಲಿ. 1889ರಲ್ಲಿ 2,209 ಜನರನ್ನು ಬಲಿ ತೆಗೆದುಕೊಂಡ ಜಾನ್ಸ್‌ಟೌನ್ ನೆರೆಯ ಸಮಯದಲ್ಲಿ ನಿರಾಶ್ರಿತರಿಗಾಗಿ ಕಟ್ಟಿದ ವಸತಿಗೃಹದ ಮರಗಳನ್ನು ಬಿಚ್ಚಿ ತಂದು ಕಟ್ಟಿದ ಮನೆ ಅದು. ಹಜಾರದ ಎರಡೂ ಬದಿಯ ಕಪಾಟುಗಳಲ್ಲಿ ಕಂಬಳಿ, ಬಟ್ಟೆ, ಔಷಧಗಳನ್ನು ಮುಂದಿನ ವಿಪತ್ತಿಗಾಗಿ ಇಡುತ್ತಿದ್ದರು. ಮನೆಯೇ ಗೋದಾಮು, ಗೋದಾಮೇ ಮನೆ. ಅಲ್ಲಿಯೇ 1912ರ ಏಪ್ರಿಲ್ 12ರಂದು, 90ನೇ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು. ಹುಟ್ಟೂರಿನಲ್ಲಿ ಅವರ ಸಮಾಧಿ ಇದೆ. 1975ರಲ್ಲಿ ಗ್ಲೆನ್ ಎಕೊ ಮನೆಯನ್ನು ಅಮೆರಿಕ ಸರ್ಕಾರ ರಾಷ್ಟ್ರೀಯ ಸ್ಮಾರಕವಾಗಿ ಕಾಪಾಡತೊಡಗಿತು.

ನಮ್ಮ ಧರ್ಮಕೇಂದ್ರಗಳಿಗೆ

ಪ್ರಭು ಯೇಸು ಹೇಳಿದ ಸಾಮತಿಯಲ್ಲಿ ಸಮಾರಿಯದವನು ಒಬ್ಬ ದಾರಿಹೋಕ. ಗಾಯಾಳುವನ್ನು ಕಂಡಾಗ ಅವನ ಬಳಿ ಎಣ್ಣೆಯಿತ್ತು, ದ್ರಾಕ್ಷಾರಸವಿತ್ತು, ಹಣವಿತ್ತು. ಅವನು ಅವುಗಳನ್ನು ದೂರದಿಂದ ಎಸೆದು ಹೋಗಲಿಲ್ಲ. ಹತ್ತಿರ ಬಂದು ಗಾಯ ಕಟ್ಟಿದ, ಛತ್ರಕ್ಕೆ ಒಯ್ದ, ಮುಂದಿನ ಖರ್ಚಿಗೆ ಹಣ ಕೊಟ್ಟ, ಮತ್ತೆ ಬಂದು ಲೆಕ್ಕ ತೀರಿಸುವೆನೆಂದು ಭರವಸೆ ಕೊಟ್ಟ. ಕ್ಲಾರಾ ಬಾರ್ಟನ್ ಅವರ ಜೀವನವನ್ನು ಓದುವಾಗ ಈ ಸಾಮತಿಯೇ ಮತ್ತೆ ಮತ್ತೆ ನಮ್ಮ ನೆನಪಿಗೆ ಬರುತ್ತದೆ.

ಪ್ರವಾಹವೋ ಚಂಡಮಾರುತವೋ ಬಂದಾಗ ನಮ್ಮ ಜನರ ಔದಾರ್ಯಕ್ಕೆ ಕೊರತೆಯಿಲ್ಲ. ಭಾನುವಾರದ ಬಲಿಪೂಜೆಯ ನಂತರ ಪ್ರಕಟಣೆ ಓದಿದರೆ ಸಂಜೆಯೊಳಗೆ ಸಭಾಭವನ ತುಂಬುತ್ತದೆ. ಆದರೆ ಆ ರಾಶಿಯಲ್ಲಿ ನಾವೇ ತೊಡಲು ನಾಚುವ ಬಟ್ಟೆ ಎಷ್ಟು? ವಾಹನ ತುಂಬಿಸಿ ಕಳುಹಿಸುವ ಮುನ್ನ ಅಲ್ಲಿನ ಧರ್ಮಗುರುಗಳಿಗೋ ಮೀನುಗಾರರ ಸಂಘಕ್ಕೋ ಕರೆ ಮಾಡಿ ಏನು ಬೇಕೆಂದು ವಿಚಾರಿಸಿದವರು ಎಷ್ಟು ಮಂದಿ? ಮೊದಲ ವಾರ ಅಕ್ಕಿ ಮತ್ತು ಬಟ್ಟೆ ಬೇಕು, ನಿಜ. ಮೂರನೆಯ ತಿಂಗಳಲ್ಲಿ ಬೇಕಾದದ್ದು ಬಲೆ, ದೋಣಿಯ ಎಂಜಿನ್ನಿನ ರಿಪೇರಿ, ಬಿತ್ತನೆ ಬೀಜ, ಹಾಲು ಕೊಡುವ ಹಸು, ಹೊಲಿಗೆ ಯಂತ್ರ, ಮಕ್ಕಳ ಶಾಲಾ ಪುಸ್ತಕ. ಆ ಹೊತ್ತಿಗೆ ಸುದ್ದಿ ನಿಂತಿರುತ್ತದೆ, ವಾಹನಗಳೂ ನಿಂತಿರುತ್ತವೆ.

ಆದ್ದರಿಂದ ನಮ್ಮ ಪಾಲನಾ ಸಮಿತಿಗಳಿಗೂ ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರಿಗೂ ಯುವಜನರಿಗೂ ಒಂದು ಮಾತು. ಸಂಗ್ರಹಿಸಿದ ಹಣದ ಒಂದು ಪಾಲನ್ನು ಮೂರನೆಯ ತಿಂಗಳಿಗೆಂದು ತೆಗೆದಿಡಿ. ಇಬ್ಬರನ್ನಾದರೂ ಅಲ್ಲಿಗೆ ಕಳುಹಿಸಿ, ಕೇಳಿ ಬರಲಿ. ಪಡೆಯುವವರನ್ನು ಸಾಲಿನಲ್ಲಿ ನಿಲ್ಲಿಸಿ ಭಾವಚಿತ್ರ ತೆಗೆಯುವ ಬದಲು ಹಂಚುವ ಕೆಲಸವನ್ನು ಅವರ ಕೈಗೇ ಕೊಡಿ. ಬಂದದ್ದು ಎಷ್ಟು, ಹೋದದ್ದು ಎಲ್ಲಿಗೆ ಎಂಬ ಲೆಕ್ಕವನ್ನು ಆ ದಿನವೇ ಬರೆದು, ಸಹಿ ಮಾಡಿ, ಸೂಚನಾ ಫಲಕದಲ್ಲಿ ಹಾಕಿ. ಕ್ಲಾರಾರಂಥ ನಿಸ್ವಾರ್ಥಿಯೂ ಲೆಕ್ಕದ ಪುಸ್ತಕದ ಕಾರಣಕ್ಕೆ ಕಣ್ಣೀರು ಹಾಕಬೇಕಾಯಿತೆಂಬುದನ್ನು ಮರೆಯದಿರೋಣ.

ಧರ್ಮಸಭೆ ಅವರನ್ನು ಸಂತರೆಂದು ಸಾರಿಲ್ಲ, ಅವರು ನಮ್ಮ ಧರ್ಮಸಭೆಗೆ ಸೇರಿದವರೂ ಅಲ್ಲ. ಆದರೂ ಹಸಿದವರಿಗೆ ಅನ್ನ, ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಟ್ಟವರನ್ನು ಪ್ರಭು ಯಾವ ಪಕ್ಕದಲ್ಲಿ ನಿಲ್ಲಿಸುತ್ತಾರೆಂದು ಶುಭಸಂದೇಶದಿಂದ ನಮಗೆ ತಿಳಿದಿದೆ. ಈ ಸಲದ ತೆನೆ ಹಬ್ಬದಲ್ಲಿ ಹೊಸ ಅಕ್ಕಿಯ ಊಟಕ್ಕೆ ಕುಳಿತಾಗ ಗ್ಯಾಲ್ವೆಸ್ಟನ್‌ನ ಆ 10 ಭಗಿನಿಯರನ್ನೂ 90 ಮಕ್ಕಳನ್ನೂ ನಮ್ಮ ಪ್ರಾರ್ಥನೆಯಲ್ಲಿ ಸೇರಿಸಿಕೊಳ್ಳೋಣ. ಕಡಲಿನ ಕೋಪಕ್ಕೆ ಸಿಕ್ಕಿದ ಎಲ್ಲ ತೀರಗಳ ಜನರಿಗಾಗಿ ಸಮುದ್ರತಾರೆ ಮರಿಯಮ್ಮನವರ ಬಿನ್ನಹವನ್ನು ಕೋರೋಣ.